ತುಕ್ಕಿನ ಮೇಲೆ ಬಣ್ಣ

ಬೆಂಗಳೂರಿನಲ್ಲಿ 'ರಿಸ್ಟೋರೇಶನ್' ಅನ್ನೋ ಪದಕ್ಕೆ ಈಗ ಒಂದೇ ಅರ್ಥ ಉಳಿದಿದೆ. ಪೇಂಟು. ಹಳೇ ಬೈಕೊಂದನ್ನ ಎಲ್ಲಿಂದಲೋ ಎತ್ತಾಕಿಕೊಂಡು ಬರೋದು, ಯಾವುದೋ 'ಸ್ಟುಡಿಯೋ'ಗೆ ಬಿಡೋದು (ಗ್ಯಾರೇಜ್ ಅಂದ್ರೆ ಅವರಿಗೆ ಬೇಜಾರು), ಮೂರು ತಿಂಗಳು ಬಿಟ್ಟು ಫಳಫಳ ಹೊಳೆಯೋ ಟ್ಯಾಂಕಿನ ಫೋಟೋ ಹಾಕೋದು. ಕೆಳಗೆ ಬೆಂಕಿ ಇಮೋಜಿಗಳ ಸಾಲು. ಮುಂದಿನ ಮಳೆಗಾಲ ಕಳೆಯೋ ಹೊತ್ತಿಗೆ ಅದೇ ಟ್ಯಾಂಕಿನ ತಳದಲ್ಲಿ ಕೆಂಪು ರಾಡಿ. ಅದರ ಫೋಟೋ ಯಾರೂ ಹಾಕಲ್ಲ.

ನನ್ನ ತಕರಾರು ನಿಮ್ಮ ದುಡ್ಡಿನ ಬಗ್ಗೆ ಅಲ್ಲ. ಸಂಬಳ ನಿಮ್ಮದು, ಇಎಂಐ ನಿಮ್ಮದು. ತಕರಾರು ಇರೋದು ಒಂದು ಯಂತ್ರವನ್ನ ಉಳಿಸೋದು ಅಂದ್ರೆ ಏನು ಅನ್ನೋದರ ಬಗ್ಗೆ. ನಮ್ಮ ಕಸುಬಿನ ಭಾಷೇಲಿ ಹೇಳೋದಾದ್ರೆ, ಡೇಟಾಬೇಸ್ ಕೊಳೀತಾ ಬಿದ್ದಿರುವಾಗ ಲಾಗಿನ್ ಪೇಜಿಗೆ ಹೊಸ ಬಣ್ಣ ಬಳಿದು ರಿಲೀಸ್ ಪಾರ್ಟಿ ಮಾಡಿದ ಹಾಗೆ. ಕೋಡಲ್ಲಿ ಹಂಗೆ ಮಾಡಿದವನನ್ನ ಮೀಟಿಂಗಲ್ಲಿ ಕೂರಿಸಿಕೊಂಡು ಹುರಿದು ಮುಕ್ಕಿಬಿಡ್ತೀವಿ. ಬೈಕಲ್ಲಿ ಮಾಡಿದವನಿಗೆ ಮಾತ್ರ 'ಸೂಪರ್ ಮಗಾ'.

ನಮ್ಮ ಟೀಮಿನ ಹುಡುಗನೊಬ್ಬ ಹೋದ ವರ್ಷ ಆರ್‌ಎಕ್ಸ್ 100 ಮಾಡಿಸಿದ. ಯಮಹಾ ಆರ್‌ಎಕ್ಸ್ 100 ಇಲ್ಲಿ ತಯಾರಾಗಿದ್ದು 1985ರಿಂದ 1996ರವರೆಗೆ. ಕಟ್ಟಕಡೆಯ ಗಾಡಿ ಕೂಡ ಈ ಹುಡುಗನಿಗಿಂತ ಒಂದೆರಡು ವರ್ಷ ದೊಡ್ಡದು. ಬಿಲ್ಲು ಒಂದೂಕಾಲು ಲಕ್ಷ ದಾಟಿತ್ತು. ಎಂಟೇ ತಿಂಗಳಿಗೆ ಟ್ಯಾಂಕಿನ ಕೆಳಗಿನ ಬೆಸುಗೆಯ ಅಂಚಲ್ಲಿ, ಮಡ್‌ಗಾರ್ಡಿನ ಮಡಿಕೆಯಲ್ಲಿ ಪೇಂಟು ಗುಳ್ಳೆ ಗುಳ್ಳೆಯಾಗಿ ಎದ್ದಿತು. "ಅಣ್ಣಾ, ಪೇಂಟ್ ಕ್ವಾಲಿಟಿ ಸರಿಯಿಲ್ಲ ಅನ್ಸುತ್ತೆ" ಅಂದ. ಉಗುರಲ್ಲಿ ಒಂದು ಗುಳ್ಳೆ ಕೆರೆದು ತೋರಿಸಿದೆ. ಪೇಂಟು ಚೆನ್ನಾಗೇ ಇತ್ತು, ಒಳ್ಳೇ ಎರಡು ಕೋಟು. ಅದರ ಕೆಳಗೆ ಪುಟ್ಟಿ. ಪುಟ್ಟಿಯ ಕೆಳಗೆ ಮೂವತ್ತು ವರ್ಷದ ತುಕ್ಕು, ಯಾರೂ ಮುಟ್ಟದೆ, ಹಾಗೇ, ಬೆಚ್ಚಗೆ.

ತುಕ್ಕು ಅಂದ್ರೆ ಕೊಳೆ ಅಲ್ಲ, ಒರೆಸಿ ಮುಚ್ಚೋಕೆ. ಕಬ್ಬಿಣ, ನೀರು, ಗಾಳಿಯಲ್ಲಿರೋ ಆಮ್ಲಜನಕ ಮೂರೂ ಸೇರಿದಾಗ ನಡೆಯೋ ವ್ಯಾಪಾರ ಅದು. ಮೂರರಲ್ಲಿ ಒಂದನ್ನ ತಪ್ಪಿಸಿದರೆ ವ್ಯಾಪಾರ ಬಂದ್. ಕಷ್ಟ ಏನಂದ್ರೆ ತುಕ್ಕು ತಾನೇ ಸ್ಪಂಜಿನ ಹಾಗೆ ಪಸೆ ಹಿಡ್ಕೊಂಡಿರುತ್ತೆ, ಉಪ್ಪಿನಂಶ ಇದ್ದರೆ ಅದನ್ನೂ. ಮೇಲೆ ಬಣ್ಣ ಬಳಿದರೆ ಒಳಗಿನ ಪಸೆ ಒಳಗೇ ಕೂತು ಕೆಲಸ ಮುಂದುವರಿಸುತ್ತೆ. ಕಬ್ಬಿಣ ತುಕ್ಕಾದಾಗ ಹಿಗ್ಗುತ್ತೆ, ಮೊದಲಿದ್ದಕ್ಕಿಂತ ಜಾಸ್ತಿ ಜಾಗ ಕೇಳುತ್ತೆ. ಆ ಜಾಗಕ್ಕೋಸ್ಕರ ಅದು ಬಣ್ಣವನ್ನ ಮೇಲಕ್ಕೆ ತಳ್ಳುತ್ತೆ. ಗುಳ್ಳೆ ಅಂದ್ರೆ ಅಷ್ಟೇ. ಪೇಂಟ್ ಅಂಗಡಿಯವನನ್ನ ಬಯ್ದು ಪ್ರಯೋಜನ ಇಲ್ಲ.

ಇನ್ನೊಂದು ತಮಾಷೆ ಕೇಳಿ. ಇಷ್ಟಾದ ಮೇಲೆ ಈ ಹುಡುಗ ಎಚ್ಚೆತ್ತು, ಬ್ರಿಟನ್ನಿನ ಯಾರದೋ ವಿಡಿಯೋ ನೋಡಿ, ನವೆಂಬರ್ ಕೊನೇಲಿ 'ವಿಂಟರೈಸ್' ಮಾಡ್ತೀನಿ ಅಂತ ದುಬಾರಿ ಸ್ಪ್ರೇ ತರಿಸಿಕೊಂಡ. ಬೈಕಿಗೆಲ್ಲ ಹೊಡೆದು, ಕವರ್ ಮುಚ್ಚಿ, ಫೆಬ್ರವರಿವರೆಗೆ ಬೇಸ್‌ಮೆಂಟಲ್ಲಿ ಮಲಗಿಸಿದ. ಬೆಂಗಳೂರಲ್ಲಿ ಇಡೀ ವರ್ಷಕ್ಕೆ ಬೈಕ್ ಓಡಿಸೋಕೆ ಹೇಳಿ ಮಾಡಿಸಿದ ಮೂರು ತಿಂಗಳು ಅದು. ಒಣ ಹವೆ, ನಂದಿಬೆಟ್ಟದ ಕಡೆ ಮಂಜು, ರಸ್ತೆ ಪೂರ್ತಿ ಒಣಕಲು. ಆ ಮೂರು ತಿಂಗಳು ಮಲಗಿಸಿಬಿಟ್ಟ!

ಆ ವಿಡಿಯೋದವನ ತಪ್ಪಿಲ್ಲ. ಅವನ ಊರಲ್ಲಿ ಚಳಿಗಾಲ ಬಂತಂದ್ರೆ ರಸ್ತೆಗೆ ಲಾರಿಯಲ್ಲಿ ಕಲ್ಲುಪ್ಪು ಸುರೀತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಲ್ಲ, ಹಾಗಾಗಿ ಕಾರು ಜಾರಲ್ಲ. ಆದರೆ ಅದೇ ಉಪ್ಪುನೀರು ಸೈಲೆನ್ಸರ್, ಸ್ಪೋಕ್, ನಟ್ಟು-ಬೋಲ್ಟಿನ ಸಂದಿಗೆಲ್ಲ ಹಾರುತ್ತೆ. ಉಪ್ಪುನೀರಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತೆ, ತುಕ್ಕು ಹಿಡಿಯೋದು ಅಂದ್ರೆ ಮೂಲದಲ್ಲಿ ಒಂದು ವಿದ್ಯುತ್ತಿನ ಆಟವೇ. ಕ್ಲೋರೈಡು ಅಲ್ಯೂಮಿನಿಯಂ ಮೇಲಿನ ರಕ್ಷಣೆಯ ಪದರವನ್ನೂ ತೂತು ಮಾಡುತ್ತೆ. ಮ್ಯಾಂಚೆಸ್ಟರಿನಲ್ಲಿರೋ ನನ್ನ ಬಿಇ ಕ್ಲಾಸ್‌ಮೇಟ್ ಒಬ್ಬ ಚಳಿಗಾಲದಲ್ಲೂ ಬೈಕ್ ಓಡಿಸ್ತಾನೆ. ವಿಮಾನಗಳಿಗೆ ಅಂತ ಮಾಡಿದ್ದ ಎಸಿಎಫ್-50 ಅನ್ನೋ ಎಣ್ಣೆಯನ್ನ ಅಕ್ಟೋಬರ್‌ನಲ್ಲೇ ಹೊಡೀತಾನೆ, ಮನೆಗೆ ಬಂದ ಕೂಡಲೇ ತಣ್ಣೀರಲ್ಲಿ ತೊಳೀತಾನೆ. ಬಿಸಿನೀರು ಯಾಕಿಲ್ಲ ಅಂದ್ರೆ, ಬಿಸಿಗೆ ಉಪ್ಪಿನ ಕೆಲಸ ಇನ್ನೂ ಚುರುಕಾಗುತ್ತೆ ಅಂತಾನೆ. ಅವನು ತನ್ನೂರಿನ ಶತ್ರುವನ್ನ ತಿಳ್ಕೊಂಡಿದಾನೆ. ನಾವು ಅವನ ಶತ್ರುವಿಗೆ ಇಲ್ಲಿ ಕತ್ತಿ ಬೀಸ್ತಾ ಇದೀವಿ.

ನಮ್ಮ ಶತ್ರು ಯಾರು? ಮಳೆಗಾಲ. ಬೆಂಗಳೂರಿಗೆ ವರ್ಷಕ್ಕೆ ಒಂದು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಜೋರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಮ್ಮ ತೀರ್ಥಹಳ್ಳಿ ತಾಲೂಕಿನ ಆಗುಂಬೆಗೆ ಏಳು ಸಾವಿರ ಮಿಲಿಮೀಟರ್ ದಾಟುತ್ತೆ. ಜೂನ್‌ನಲ್ಲಿ ಒಗೆದ ಬಟ್ಟೆ ಒಲೆ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಬೇಕಾದ ಸೀಮೆ. ಬೂಟು, ಬೆಲ್ಟು, ಶಾಲೆ ಬ್ಯಾಗು ಎಲ್ಲದಕ್ಕೂ ಬೂಷ್ಟು. ಘಟ್ಟ ಇಳಿದು ಉಡುಪಿ, ಮಂಗಳೂರು ಕಡೆ ಹೋದರೆ ಮಳೆಯ ಜೊತೆ ಕಡಲಿನ ಉಪ್ಪುಗಾಳಿ ಬೇರೆ. ಆ ವಿಡಿಯೋದವನ ಬುದ್ಧಿವಾದ ಯಾರಿಗಾದರೂ ಚೂರು ನಾಟೋದಾದ್ರೆ ಮಲ್ಪೆ ಕಡಲತಡಿಯವರಿಗೆ. ಅವರಿಗೆ ವರ್ಷಪೂರ್ತಿ 'ವಿಂಟರ್'.

ಅಲ್ಲ ಮಾರಾಯ್ರೇ, ಕಬ್ಬಿಣವನ್ನ ಮಳೆಯಿಂದ ಕಾಪಾಡೋದು ಹೇಗೆ ಅಂತ ನಮಗೆ ಯಾರೋ ಇಂಗ್ಲಿಷಲ್ಲಿ ಹೇಳಿಕೊಡಬೇಕಾ? ನಮ್ಮನೇಲಿ ಕತ್ತಿ, ಹಾರೆ, ಗುದ್ದಲಿ ಕೆಲಸ ಮುಗಿದ ಕೂಡಲೇ ಮಣ್ಣು ತೊಳೆದು, ಒರೆಸಿ, ಒಲೆ ಹತ್ತಿರ ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ ಅಟ್ಟಕ್ಕೆ ಹೋಗ್ತಿದ್ವು. ಅಟ್ಟದಲ್ಲಿ ಅಡುಗೆಮನೆ ಹೊಗೆ, ಬಿಸಿ. ಪಸೆಗೆ ಅಲ್ಲಿ ಪ್ರವೇಶ ಇಲ್ಲ. ನೀರು, ಗಾಳಿ ಎರಡನ್ನೂ ತಡೆದ ಹಾಗಾಯ್ತು. ಕೆಮಿಸ್ಟ್ರಿ ಓದದ ಅಜ್ಜಿಗೆ ಅದು ಗೊತ್ತಿತ್ತು. ಮಳೆಗಾಲದಲ್ಲಿ ಗದ್ದೆಗೆ ಹೋಗೋವ್ರು ಕಂಬಳಿಕೊಪ್ಪೆ ಹಾಕ್ಕೊಳ್ತಿದ್ದರಲ್ಲ, ಕುರಿ ಉಣ್ಣೆಯ ಜಿಡ್ಡಿಗೆ ನೀರು ಸುಲಭಕ್ಕೆ ಒಳಗೆ ಇಳಿಯಲ್ಲ. ಅದೇ ಜಿಡ್ಡನ್ನ ಲ್ಯಾನೋಲಿನ್ ಅಂತ ಹೆಸರಿಟ್ಟು ಡಬ್ಬಿಯಲ್ಲಿ ತುಂಬಿ ತುಕ್ಕು ತಡೆಯೋಕೆ ಹೊರದೇಶದಲ್ಲಿ ಮಾರ್ತಾರೆ, ನಾವು ದುಬಾರಿ ಕೊಟ್ಟು ತರಿಸ್ಕೊಳ್ತೀವಿ.

ಇನ್ನು ಆಯುಧಪೂಜೆ. ಅದು ಬರೋದು ಯಾವಾಗ? ಮುಂಗಾರು ಹಿಂದೆ ಸರಿಯೋ ಹೊತ್ತಿಗೆ. ಮಳೆ ತಿಂದ ಸಾಮಾನನ್ನೆಲ್ಲ ಹೊರಗೆ ತೆಗೆದು, ತುಕ್ಕು ಉಜ್ಜಿ, ಎಣ್ಣೆ ಹಾಕಿ, ಹಿಡಿ ಸಡಿಲ ಆಗಿದ್ದರೆ ಬಿಗಿ ಮಾಡಿ, ಆಮೇಲೆ ಅರಿಶಿನ-ಕುಂಕುಮ. ಮೊದಲ ಮುಕ್ಕಾಲು ಭಾಗ ಸರ್ವೀಸಿಂಗು, ಕೊನೇ ಕಾಲು ಭಾಗ ಪೂಜೆ. ಬೆಂಗಳೂರಿಗೆ ಬಂದ ಮೇಲೆ ಕಾಲು ಭಾಗ ಮಾತ್ರ ಉಳಿಸ್ಕೊಂಡ್ವಿ. ಚಕ್ರದಡಿ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ, ಬಾಳೆಕಂದು. ಚೈನು ಮಾತ್ರ ಒಣಗಿ ಕೆಂಪಗಾಗಿ 'ಕಿರ್ ಕಿರ್' ಅಂತಿರುತ್ತೆ.

ಈಗ ನನ್ನ ಗಾಡಿ ವಿಷಯ. ಬರೀ ಬಯ್ದು ಕೂತ್ರೆ ಆಗಲ್ಲವಲ್ಲ.

ನಾನು ಮಾಡಿದ್ದು ಆರ್‌ಎಕ್ಸ್ ಅಲ್ಲ, ಯೆಜ್ಡಿ ಅಲ್ಲ, ಬುಲೆಟ್ ಅಂತೂ ಅಲ್ಲವೇ ಅಲ್ಲ. ಹೀರೋ ಹೋಂಡಾ ಸಿಡಿ 100, 1997ರ ಮಾಡೆಲ್ಲು. ಸಿಡಿ 100 ಬಂದಿದ್ದು 1985ರಲ್ಲಿ, 97.2 ಸಿಸಿ, ಫೋರ್ ಸ್ಟ್ರೋಕು. 'ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್' ಅನ್ನೋ ಅದರ ಜಾಹೀರಾತು ನೆನಪಿರಬಹುದು. ದೇಶ ಆ ಮೂರನೇ ಮಾತನ್ನ ಶಿರಸಾವಹಿಸಿ ಪಾಲಿಸಿತು, ಮರೆತೇಬಿಟ್ಟಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ್ದಕ್ಕೆ ಇವತ್ತಿಗೂ ಕಣ್ಣೀರು ಹಾಕೋವ್ರು ಸಿಗ್ತಾರೆ, ಯೆಜ್ಡಿಗೆ ವರ್ಷಕ್ಕೊಂದು ಮೆರವಣಿಗೆ ಇದೆ. ಸಿಡಿ 100ಗೆ ಯಾರೂ ಅಳಲ್ಲ. ಯಾಕಂದ್ರೆ ಅದು ಕನಸಿನ ಗಾಡಿ ಆಗಿರಲಿಲ್ಲ, ಕೆಲಸದ ಗಾಡಿ ಆಗಿತ್ತು. ಹಿಂಡಿ ಮೂಟೆ, ಹಾಲಿನ ಕ್ಯಾನು, ಅಡಿಕೆ ಚೀಲ, ಮೇಸ್ಟ್ರು, ಪೋಸ್ಟ್‌ಮ್ಯಾನು, ಎಲ್‌ಐಸಿ ಏಜೆಂಟು. ಹಳ್ಳಿಯ ರಸ್ತೆಗಳನ್ನ ಸವೆಸಿದ ಗಾಡಿಯನ್ನ ಬಿಟ್ಟು, ಸಿನಿಮಾದ ಹೀರೋ ಓಡಿಸಿದ ಗಾಡಿಯನ್ನ ನಾವು 'ಪರಂಪರೆ' ಅಂತ ಕರೀತೀವಿ. ಇದರಲ್ಲಿ ಯಾರ ನೆನಪು ಬೆಲೆಬಾಳುತ್ತೆ, ಯಾರದ್ದು ಗುಜರಿಗೆ ಹೋಗುತ್ತೆ ಅನ್ನೋ ಲೆಕ್ಕ ಇದೆ.

ಗಾಡಿ ನಮ್ಮೂರಿನ ಡೇರಿಗೆ ಹಾಲು ಹಾಕ್ತಿದ್ದ ಹಿರಿಯರೊಬ್ಬರದು. ನಾನು ಸಿಇಟಿ ಬರೆಯೋ ದಿನ ಬೆಳಗಿನ ಬಸ್ಸು ಕೈಕೊಟ್ಟಾಗ ಕ್ಯಾನು ಇಳಿಸಿ ನನ್ನನ್ನ ಹತ್ತಿಸಿಕೊಂಡು ಪೇಟೆವರೆಗೆ ಬಿಟ್ಟವರು. ಅವರು ತೀರಿಕೊಂಡ ಮೇಲೆ ಗಾಡಿ ಎಂಟು ವರ್ಷ ಕೊಟ್ಟಿಗೆಯ ಮೂಲೇಲಿ ನಿಂತಿತ್ತು. ಮಗ ನನ್ನ ಹಾಗೇ ಬೆಂಗಳೂರಿನವನಾಗಿದ್ದ. "ಗುಜರಿಯವನು ಎರಡು ಸಾವಿರ ಅಂದ, ನೀನು ಎಷ್ಟಾದರೂ ಕೊಡು ಮಾರಾಯ" ಅಂದ. ಏಳು ಸಾವಿರ ಕೊಟ್ಟೆ. ನೋಂದಣಿಯ ಹದಿನೈದು ವರ್ಷ ಯಾವಾಗಲೋ ಮುಗಿದಿತ್ತು. ಹೆಸರು ಬದಲಾವಣೆ, ಮರುನೋಂದಣಿ, ಆ ಅಲೆದಾಟ ಇಲ್ಲಿ ಬೇಡ.

ಕೊಟ್ಟಿಗೆ ಅನ್ನೋದು ಬೈಕಿಗೆ ನರಕ. ಗಂಜಲದಿಂದ ಏಳೋ ಅಮೋನಿಯಾ ತಾಮ್ರ, ಹಿತ್ತಾಳೆಯನ್ನ ತಿನ್ನುತ್ತೆ. ವೈರಿಂಗಿನ ಜಾಯಿಂಟುಗಳೆಲ್ಲ ಹಸಿರು. ನಮ್ಮಲ್ಲಿ ಇದಕ್ಕೆ ಬೇರೇನೇ ಪದ ಇದೆ ನೋಡಿ: ಕಬ್ಬಿಣಕ್ಕೆ ಹಿಡಿಯೋದು ತುಕ್ಕು, ತಾಮ್ರಕ್ಕೆ ಹಿಡಿಯೋದು ಕಿಲುಬು. ನನ್ನ ಗಾಡಿಗೆ ಎರಡೂ ಇತ್ತು. ಅಲ್ಯೂಮಿನಿಯಂ ಮೇಲೆ ಬಿಳಿ ಬೂದಿ ಬೇರೆ.

ಮೊದಲು ಎಂಜಿನ್ನು. ಪಿಸ್ಟನ್ನು ಹಿಡ್ಕೊಂಡಿತ್ತು. ಇಂಥಾ ಹೊತ್ತಲ್ಲಿ ಸ್ಟುಡಿಯೋದವರು ಮಾಡೋದು ಇಬ್ಬರು ನಿಂತು ಕಿಕ್ಕರ್ ಒದೆಯೋದು, ಇಲ್ಲಾ ತಳ್ಳಿ ಸ್ಟಾರ್ಟ್ ಮಾಡೋದು. ರಿಂಗು ಮುರಿಯುತ್ತೆ, ಬೋರು ಗೀರುತ್ತೆ, ಬಿಲ್ಲು ಏರುತ್ತೆ. ನಮ್ಮ ಪೇಟೆಯ ಗ್ಯಾರೇಜಣ್ಣ ಹೇಳಿದ್ದು ಬೇರೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲು, ಎಂಜಿನ್ ಆಯಿಲ್ ಬೆರೆಸಿ ಒಂದು ಲೋಟ ಹುಯ್ಯಿ, ನಾಲ್ಕು ದಿನ ಅದರ ಸುದ್ದಿಗೆ ಹೋಗಬೇಡ. ಐದನೇ ದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನ ತೊಟ್ಟಿಲು ತೂಗೋ ಹಾಗೆ ಹಿಂದೆ-ಮುಂದೆ ಆಡಿಸು. ಐದನೇ ದಿನ ಆಗಲಿಲ್ಲ, ಏಳನೇ ದಿನ 'ಚಕ್' ಅಂತ ಬಿಟ್ಕೊಂಡಿತು. ಒಳಗೆ ಬೋರು ಸರಿಯಾಗೇ ಇತ್ತು. ಕಾಯೋದಕ್ಕೆ ದುಡ್ಡು ಖರ್ಚಾಗಲ್ಲ, ಅದಕ್ಕೇ ಯಾರೂ ಅದನ್ನ ಬಿಲ್ಲಲ್ಲಿ ಹಾಕಲ್ಲ.

ಸ್ಕ್ರೂಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಜಪಾನಿ ವಿನ್ಯಾಸದ ಬೈಕುಗಳ ಕ್ರ್ಯಾಂಕ್‌ಕೇಸ್ ಮೇಲಿರೋ 'ಸ್ಟಾರ್' ಸ್ಕ್ರೂ ನೋಡೋಕೆ ಫಿಲಿಪ್ಸ್ ಥರಾನೇ ಇರುತ್ತೆ, ಆದರೆ ಅದು ಜೆಐಎಸ್ ಅಳತೆ. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಪೂರ್ತಿ ಒಳಗೆ ಕೂರದೆ ಜಾರಿ ತಲೆ ತಿಂದುಹಾಕುತ್ತೆ. ಅದರ ಮೇಲೆ ಉಕ್ಕಿನ ಸ್ಕ್ರೂ, ಅಲ್ಯೂಮಿನಿಯಂ ಕೇಸು. ಎರಡು ಬೇರೆ ಲೋಹ ಪಸೆಯಲ್ಲಿ ತಾಗಿ ಕೂತರೆ ಅದೊಂದು ಪುಟ್ಟ ಬ್ಯಾಟರಿ. ಮೂವತ್ತು ವರ್ಷದಲ್ಲಿ ಎರಡೂ ಬೆಸೆದುಕೊಂಡಿರುತ್ತೆ. ಜೆಐಎಸ್ ಬಿಟ್ಟು, ಸುತ್ತಿಗೇಲಿ ಹೊಡೆಯೋ ಇಂಪ್ಯಾಕ್ಟ್ ಡ್ರೈವರ್ರು, ಹಿಂದಿನ ರಾತ್ರಿ ಬಿಟ್ಟ ಎರಡೆರಡು ಹನಿ ಎಣ್ಣೆ, ಇಷ್ಟಿದ್ದರೆ ಬಿಚ್ಚಿಕೊಳ್ಳುತ್ತೆ. ವಾಪಸ್ ಹಾಕುವಾಗ ದಾರಕ್ಕೆ ಚೂರು ಆಂಟಿ-ಸೀಜ್ ಗ್ರೀಸ್ ಸವರಬೇಕು. ಒಂದು ಡಬ್ಬಿ ತಂದರೆ ಮೊಮ್ಮಕ್ಕಳ ಕಾಲಕ್ಕೂ ಆಗುತ್ತೆ. ಲಕ್ಷ ರೂಪಾಯಿ ಬಿಲ್ಲಿನ ಆ ಆರ್‌ಎಕ್ಸಲ್ಲಿ ಒಂದೇ ಒಂದು ಬೋಲ್ಟಿಗೆ ಅದು ತಾಗಿರಲಿಲ್ಲ.

ಟ್ಯಾಂಕು ಇಡೀ ಕೆಲಸದ ಜೀವ. ಅರ್ಧ ಖಾಲಿ ಟ್ಯಾಂಕಲ್ಲಿ ಉಳಿದರ್ಧ ಗಾಳಿ. ರಾತ್ರಿ ತಣ್ಣಗಾದಾಗ ಗಾಳಿಯಲ್ಲಿರೋ ತೇವ ಒಳಗೋಡೆಗೆ ಹನಿಯಾಗಿ ಕೂರುತ್ತೆ, ಇಳಿದು ಪೆಟ್ರೋಲಿನ ಅಡಿಗೆ ಹೋಗುತ್ತೆ; ನೀರು ಪೆಟ್ರೋಲಿಗಿಂತ ಭಾರ. ಅದಕ್ಕೇ ಟ್ಯಾಂಕು ತೂತಾಗೋದು ಯಾವಾಗಲೂ ತಳದಲ್ಲಿ. ಈಗ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ, ಅದು ನೀರನ್ನ ಎಳ್ಕೊಳ್ಳೋ ವಸ್ತು. ನೀರು ಮಿತಿ ಮೀರಿದರೆ ಎಥನಾಲ್, ನೀರು ಸೇರಿ ಬೇರೆ ಪದರವಾಗಿ ಅಡಿಗೆ ಕೂರುತ್ತೆ. ತೊಂಬತ್ತರ ದಶಕದ ಗಾಡಿಯ ರಬ್ಬರ್ ಪೈಪು, ಕಾರ್ಬೊರೇಟರಿನ ರಬ್ಬರುಗಳನ್ನ ಇದನ್ನ ಮನಸ್ಸಲ್ಲಿಟ್ಟು ಮಾಡಿರಲಿಲ್ಲ. ಹೊಸ ಪೈಪಿಗೆ ನೂರೈವತ್ತು ರೂಪಾಯಿ. ಅದನ್ನ ಹಾಕಿಸದೆ ಟ್ಯಾಂಕಿಗೆ ಹದಿನೈದು ಸಾವಿರದ ಪೇಂಟ್ ಮಾಡಿಸಿದವರನ್ನ ನೋಡಿದೀನಿ.

ನಾನು ಟ್ಯಾಂಕನ್ನ ಪೆಟ್ರೋಲಿನ ವಾಸನೆ ಪೂರ್ತಿ ಹೋಗೋವರೆಗೆ ಸೋಪುನೀರಲ್ಲಿ ತೊಳೆದು, ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿಸಿ, ಬಾಯಿಯಿಂದ ಒಂದು ಕಬ್ಬಿಣದ ಸರಳು ಇಳಿಬಿಟ್ಟೆ, ಟ್ಯಾಂಕಿಗೆ ತಾಗದ ಹಾಗೆ ರಬ್ಬರ್ ಬಿರಡೆ ಸಿಗಿಸಿ. ಬ್ಯಾಟರಿ ಚಾರ್ಜರಿನ ಪಾಸಿಟಿವ್ ಸರಳಿಗೆ, ನೆಗೆಟಿವ್ ಟ್ಯಾಂಕಿಗೆ. ಉಲ್ಟಾ ಕೊಟ್ಟರೆ ಟ್ಯಾಂಕೇ ಕರಗುತ್ತೆ, ಹುಷಾರು. ಎರಡು ರಾತ್ರಿ ಬುಸುಬುಸು ಗುಳ್ಳೆ. ಸರಳು ಸವೆದು ತುಕ್ಕು ಕೆಸರಾಗಿ ಕಳಚಿತು. ಆ ಗುಳ್ಳೆ ಹೈಡ್ರೋಜನ್ನು, ಹಾಗಾಗಿ ಅಂಗಳದಲ್ಲೇ ಮಾಡಬೇಕು, ಹತ್ತಿರ ಬೀಡಿ-ಬೆಂಕಿ ಕೂಡದು. ಸ್ಟೀಲ್ ಸರಳು ಬಳಸಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತೆ. ಕರೆಂಟಿನ ಸಹವಾಸ ಬೇಡ ಅನ್ನೋರಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಸಾಕು. ಬಿಸಿನೀರಲ್ಲಿ ಕರಗಿಸಿ ಒಂದು ದಿನ ಬಿಟ್ಟು, ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ಹುಳಿ ಮುರೀಬೇಕು. ಹುಣಸೆಹಣ್ಣಲ್ಲಿ ಹಿತ್ತಾಳೆ ಚೊಂಬು ಬೆಳಗಿದ ಮನೆಯವರಿಗೆ ಇದೇನು ಹೊಸದಲ್ಲ. ಯಾವ ದಾರಿ ಹಿಡಿದರೂ ತೊಳೆದ ಮರುಗಳಿಗೆ ಒಣಗಿಸಿ ಎಣ್ಣೆ ಕಾಣಿಸಬೇಕು. ಬರಿಮೈ ಕಬ್ಬಿಣ ಅರ್ಧ ಗಂಟೇಲಿ ಮತ್ತೆ ಕೆಂಪಗಾಗುತ್ತೆ.

ಪೇಂಟು ಕೊನೆಗೆ. ಪೂರ್ತಿ ಲೋಹ ಕಾಣೋವರೆಗೆ ಉಜ್ಜಿ, ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ಕನ್ವರ್ಟರ್ ಹಚ್ಚಿ, ಎಪಾಕ್ಸಿ ಪ್ರೈಮರ್, ಅದರ ಮೇಲೆ ಹಳೇ ಕೆಂಪೇ. ಹಿಂದಿನ ಕ್ಯಾರಿಯರ್‌ನಲ್ಲಿ ಹಾಲಿನ ಕ್ಯಾನು ಕೂತು ಕೂತು ಆದ ತಗ್ಗು ಇದೆ, ಅದನ್ನ ತಟ್ಟಿ ನೇರ ಮಾಡಿಸಲಿಲ್ಲ. "ಕ್ಯಾರಿಯರ್ ತೆಗೆದ್ರೆ ಕ್ಲೀನ್ ಲುಕ್ ಬರುತ್ತೆ ಬ್ರೋ" ಅಂದವರಿದ್ರು. ಕ್ಯಾರಿಯರ್ ಇಲ್ಲದ ಸಿಡಿ 100 ನಮ್ಮೂರಲ್ಲಿ ನಾನಂತೂ ನೋಡಿಲ್ಲ.

ಕ್ರೋಮಿನ ಮೋಹ ಇನ್ನೊಂದು. ಮೇಲಿನ ಕ್ರೋಮ್ ಪದರ ಕೂದಲಿಗಿಂತ ಎಷ್ಟೋ ತೆಳು, ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತೆ. ತುಕ್ಕು ತಡೆಯೋದು ನಿಜವಾಗಿ ಅದರ ಕೆಳಗಿನ ನಿಕ್ಕಲ್. ಅಗ್ಗದ ಪ್ಲೇಟಿಂಗಲ್ಲಿ ನಿಕ್ಕಲ್ಲಿಗೇ ಕತ್ತರಿ. ಕೊಟ್ಟ ದಿನ ಎರಡೂ ಒಂದೇ ಥರ ಹೊಳೆಯುತ್ತೆ, ಎರಡನೇ ಮಳೆಗಾಲಕ್ಕೆ ರಿಮ್ಮಿಗೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕಿ. ಆ ಕ್ರೋಮ್ ತೊಟ್ಟಿಯಲ್ಲಿರೋ ಹೆಕ್ಸಾವೆಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರೋ ವಸ್ತು, ಅದರ ಆವಿ ಕುಡಿಯೋದು ಅಲ್ಲಿ ದಿನಗೂಲಿಗೆ ನಿಂತ ಹುಡುಗ. ಹಳೇ ರಿಮ್ ಗಟ್ಟಿ ಇದ್ದರೆ ಹಿತ್ತಾಳೆ ಬ್ರಷ್ಷಲ್ಲಿ ಎಣ್ಣೆ ಹಾಕಿ ಉಜ್ಜಿ, ಮೇಣ ಹಚ್ಚಿ ಬಿಟ್ಟುಬಿಡಿ. ಚೂರು ಮಂಕಾಗಿದ್ದರೆ ಏನು ಮುಳುಗಿಹೋಗಲ್ಲ.

ಈಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಬರೋಣ. ಹಳೇ ಬೈಕುಗಳನ್ನ ಮಳೆಗಿಂತ ಜಾಸ್ತಿ ಕೊಲ್ತಾ ಇರೋದು ಅದೇ. ಭಾನುವಾರ ಬೆಳಗ್ಗೆ ಕೆಳಗೆ ಹೋಗಿ, ಕವರ್ ಸರಿಸಿ, ಐದು ನಿಮಿಷ ಸ್ಟಾರ್ಟ್ ಮಾಡಿ, 'ಡುರ್ ಡುರ್' ಶಬ್ದದ ಒಂದು ರೀಲ್ ತೆಗೆದು, ಆಫ್ ಮಾಡಿ ಮೇಲೆ ಬರೋ ಪದ್ಧತಿ ಇದೆಯಲ್ಲ, ಅದನ್ನ 'ಮೇಂಟೆನೆನ್ಸ್' ಅಂತ ಕರೀತಾರೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತೆ. ಹೌದು, ನೀರೇ. ದೂರ ಓಡಿಸಿದಾಗ ಸೈಲೆನ್ಸರ್ ಕಾದು ಅದು ಹಬೆಯಾಗಿ ಹೊರಗೆ ಹೋಗುತ್ತೆ. ಐದು ನಿಮಿಷಕ್ಕೆ ಸೈಲೆನ್ಸರ್ ಉಗುರುಬೆಚ್ಚಗೂ ಆಗಿರಲ್ಲ. ಆವಿ ಒಳಗೇ ನೀರಾಗಿ, ಹೊಗೆಯ ಹುಳಿ ಸೇರಿಸಿಕೊಂಡು ಮಡುಗಟ್ಟುತ್ತೆ. ಒಂದು ಪಾಲು ಎಂಜಿನ್ ಆಯಿಲಿಗೂ ಇಳಿಯುತ್ತೆ. ಹೊರಗೆ ಕ್ರೋಮ್ ಹೊಳೀತಿರುವಾಗ ಸೈಲೆನ್ಸರ್ ಒಳಗಿಂದ ಕೊಳೆಯೋದು ಹೀಗೆ. ಸ್ಟಾರ್ಟ್ ಮಾಡಿದ್ರೆ ಅರ್ಧ ಗಂಟೆ ಓಡಿಸಿ. ಓಡಿಸೋಕಾಗದಿದ್ರೆ ಸ್ಟಾರ್ಟ್ ಮಾಡಲೇಬೇಡಿ, ಅದರ ಪಾಡಿಗೆ ಅದಿರಲಿ.

ಮಳೇಲಿ ನೆನೆದು ಬಂದ ಗಾಡಿಗೆ ಪ್ಲಾಸ್ಟಿಕ್ ಕವರ್ ಬಿಗಿಯೋದು ಅದಕ್ಕಿಂತ ದೊಡ್ಡ ಪಾಪ. ಒದ್ದೆ ಬಟ್ಟೇನ ಬಕೆಟ್ಟಲ್ಲಿ ಹಾಕಿ ಮುಚ್ಚಿದ ಹಾಗೆ. ಹಳೇ ಹತ್ತಿ ಬೆಡ್‌ಶೀಟ್ ಸಾವಿರ ಪಾಲು ವಾಸಿ, ಉಸಿರಾಡುತ್ತೆ. ಪ್ರೆಶರ್ ವಾಶರ್ ಬಗ್ಗೆ ಹೇಳೋಕೆ ಹೋದ್ರೆ ನನಗೆ ಬಿಪಿ ಏರುತ್ತೆ. ಚಕ್ರದ ಬೇರಿಂಗು, ಹ್ಯಾಂಡಲ್ಲಿನ ಕೋನ್ ಸೆಟ್ಟು, ವೈರಿಂಗ್ ಜಾಯಿಂಟಿನೊಳಗೆ ಒತ್ತಡದಲ್ಲಿ ನುಗ್ಗಿದ ನೀರು ಹೊರಗೆ ಬರೋಕೆ ದಾರಿ ಇರಲ್ಲ. ಒಂದು ಬಕೆಟ್ ನೀರು, ಒಂದು ಬಟ್ಟೆ, ಇಪ್ಪತ್ತು ನಿಮಿಷ. ಸಾಕು.

"ನಮಗೆಲ್ಲಿ ಟೈಮಿದೆ?" ಅಂತೀರಿ. ರಾತ್ರಿ ಹನ್ನೊಂದಕ್ಕೆ ಕೂತು ಯಾವ ಚೈನ್ ಲೂಬ್ ಒಳ್ಳೇದು ಅಂತ ನಲವತ್ತು ನಿಮಿಷದ ಹೋಲಿಕೆ ವಿಡಿಯೋ ನೋಡೋಕೆ ಟೈಮಿದೆಯಲ್ಲ. ಸಿಡಿ 100ಗೆ ಪೂರ್ತಿ ಮುಚ್ಚಿದ ಚೈನ್ ಕವರ್ ಕೊಟ್ಟಿದ್ರು, ನಮ್ಮ ಕೆಸರಿನ ರಸ್ತೆ ನೋಡಿಯೇ ಮಾಡಿದ ಹಾಗಿದೆ. ಸ್ಟೈಲಿಗೆ ಅಂತ ಅದನ್ನ ಕಿತ್ತೆಸೆದವರೇ ಆಮೇಲೆ ಲೂಬಿನ ಸಂಶೋಧನೆ ಮಾಡ್ತಾರೆ. "ಹಳೇ ಗಾಡಿ ಹೊಗೆ ಉಗುಳುತ್ತೆ, ಪರಿಸರಕ್ಕೆ ಹಾನಿ" ಅನ್ನೋ ಮಾತೂ ಬರುತ್ತೆ. ಟೂ ಸ್ಟ್ರೋಕಿನ ಮಟ್ಟಿಗೆ ಅದು ನಿಜ, ಆಯಿಲ್ ಸುಟ್ಟು ಓಡೋ ಗಾಡಿ ಅದು, ದಿನಾ ಆಫೀಸಿಗೆ ಅದರಲ್ಲಿ ಹೋಗಬೇಡಿ ಅಂತ ನಾನೂ ಹೇಳ್ತೀನಿ. ಆದ್ರೆ ಮೂರು ವರ್ಷಕ್ಕೊಮ್ಮೆ ಗಾಡಿ ಬದಲಾಯಿಸೋವ್ರು ಪರಿಸರದ ಮಾತೆತ್ತಿದರೆ ನಗು ಬರುತ್ತೆ. ಊರಲ್ಲಿ ಕೆಲವರು ಅಡಿಗೆಲ್ಲ ವೇಸ್ಟ್ ಆಯಿಲ್ ಬಳೀತಾರೆ, ತುಕ್ಕು ನಿಲ್ಲುತ್ತೆ ನಿಜ, ಆದರೆ ಅಂಗಳದಲ್ಲಿ ಸೋರಿ ಬಾವಿ ಕಡೆ ಹೋಗುತ್ತೆ, ರಬ್ಬರೂ ಹಾಳು. ಅದನ್ನ ಊರಿನ ಪದ್ಧತಿ ಅಂತ ಸಮರ್ಥಿಸೋಕೆ ನಾನು ತಯಾರಿಲ್ಲ.

ನನಗೆ ನಿಜವಾಗಿ ಸಿಟ್ಟು ಬರೋದು ದುಡ್ಡಿನ ವಿಷಯಕ್ಕಲ್ಲ ಅಂದೆನಲ್ಲ, ಅರ್ಧ ಸುಳ್ಳು. ಒಂದು ಕಡೆ ಬರುತ್ತೆ. ನನ್ನ ಗಾಡಿಗೆ ಟಯರು, ಟ್ಯೂಬು, ಚೈನ್ ಸೆಟ್ಟು, ವೈರಿಂಗು, ಪೇಂಟು, ಬ್ಯಾಟರಿ, ಕೂಲಿ ಎಲ್ಲ ಸೇರಿ ಇಪ್ಪತ್ಮೂರು ಸಾವಿರ ಆಯ್ತು. ಅದರಲ್ಲಿ ಗ್ಯಾರೇಜಣ್ಣ ಕೇಳಿದ ಕೂಲಿ ನಾಲ್ಕು ಸಾವಿರ, ಐದು ವಾರದ ಕೆಲಸಕ್ಕೆ. ನಾನು ಎಂಟು ಕೊಟ್ಟಿದ್ದಕ್ಕೆ ಅವರು ಮೂರು ದಿನ ಫೋನ್ ಮಾಡಿ "ಜಾಸ್ತಿ ಆಯ್ತು ಮಾರಾಯ, ತಪ್ಪಾಗಿ ಹಾಕಿದ್ಯಾ" ಅಂತ ಕೇಳಿದ್ರು. ಹಿಡ್ಕೊಂಡ ಪಿಸ್ಟನ್ನಿನ ಮುಂದೆ ಏಳು ದಿನ ಸುಮ್ಮನೆ ಕೂರೋದು ಗೊತ್ತಿರೋ ಮನುಷ್ಯನಿಗೆ ಅರವತ್ತೊಂದು ವರ್ಷ. ಮಗ ಆಹಾರ ಡೆಲಿವರಿ ಕಂಪನಿಯ ಟೀಶರ್ಟ್ ಹಾಕ್ಕೊಂಡು ಶಿವಮೊಗ್ಗದಲ್ಲಿ ಸುತ್ತುತ್ತಾನೆ. ಲೇಸರ್ ಕಟ್ ಬೋರ್ಡಿನ ಸ್ಟುಡಿಯೋಗೆ ಒಂದೂಕಾಲು ಲಕ್ಷ ಕೇಳಿದ ಕೂಡಲೇ ಟ್ರಾನ್ಸ್‌ಫರ್ ಮಾಡೋ ನಾವು, ಬೀದಿ ಬದಿ ಮೆಕ್ಯಾನಿಕ್ ಮುನ್ನೂರು ಅಂದ್ರೆ ಇನ್ನೂರೈವತ್ತಕ್ಕೆ ಇಳಿಸ್ತೀವಿ. ಸ್ಟುಡಿಯೋದವನಿಗೆ ಬರದ ಕೆಲಸ ಇವನಿಗೆ ಬರುತ್ತೆ. ಇವನು ಅಂಗಡಿ ಮುಚ್ಚಿದ ಮೇಲೆ ನಿಮ್ಮ ಕಾರ್ಬೊರೇಟರ್ ಟ್ಯೂನ್ ಮಾಡೋಕೆ ಯಾವ ಸ್ಟುಡಿಯೋದಲ್ಲಿ ಯಾರಿರ್ತಾರೆ ಹೇಳಿ?

ಇರ್ಲಿ. ಇದನ್ನ ಬರೀತಿರೋದು ಮೇ ಮೂರನೇ ವಾರ, ಮುಂಗಾರಿಗೆ ಇನ್ನು ಹೆಚ್ಚು ದಿನ ಇಲ್ಲ. ನಿಮ್ಮ ಹೊಳೆಯೋ ಬೈಕಿನ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ; ಮೊಬೈಲ್ ಟಾರ್ಚು ಸಾಕು, ಹತ್ತಿರ ಸಿಗರೇಟು ಬೇಡ. ತಳ ಬೂದುಬಣ್ಣಕ್ಕಿದ್ದರೆ ಬಾಯಿವರೆಗೆ ಪೆಟ್ರೋಲ್ ತುಂಬಿಸಿ, ಗಾಳಿಗೆ ಜಾಗ ಕೊಡಬೇಡಿ. ಮಡ್‌ಗಾರ್ಡಿನ ಒಳಮೈ, ಸ್ಟ್ಯಾಂಡಿನ ಕೆಳಗೆ, ಸೀಟಿನಡಿ ಕೈ ಆಡಿಸಿ. ಕೆಸರು ಗಟ್ಟಿಯಾಗಿ ಕೂತಿದ್ದರೆ ತೊಳೆದು ಒಣಗಿಸಿ ಗ್ರೀಸೋ ಮೇಣವೋ ಸವರಿ. ಫ್ರೇಮಿನ ಕೊಳವೆಗಳ ಅಡಿಯಲ್ಲಿ ನೀರು ಇಳಿಯೋ ಸಣ್ಣ ತೂತುಗಳಿರುತ್ತೆ, ಪೇಂಟ್ ಮಾಡುವಾಗ ಮುಚ್ಚಿಬಿಟ್ಟಿರ್ತಾರೆ, ಒಂದು ಸ್ಪೋಕಿನ ತುದಿಯಲ್ಲಿ ಚುಚ್ಚಿ ಬಿಡಿಸಿ. ಟಾರ್ಚ್ ಬೆಳಕಲ್ಲಿ ತಳ ಕೆಂಪಗೆ ಕಂಡರೆ ಸ್ಟುಡಿಯೋಗೆ ಫೋನ್ ಮಾಡಬೇಡಿ. ಕಿರಾಣಿ ಅಂಗಡಿಗೆ ಹೋಗಿ, ಅರ್ಧ ಕೇಜಿ ನಿಂಬೆ ಉಪ್ಪು ತನ್ನಿ.